ನನ್ನ ಆಟದ ಎನ್‌ಪಿಸಿಗಳನ್ನು ಯಾರೂ ಮಾತಾಡಿಸುತ್ತಿಲ್ಲ, ಏನು ಮಾಡಲಿ?

ಓದುಗರ ಪ್ರಶ್ನೆ: ಊರು ಶಿವಮೊಗ್ಗ ಕಡೆ, ಕೆಲಸ ಬೆಂಗಳೂರಿನಲ್ಲಿ. ಬಿಡುವಿನಲ್ಲಿ ಇಬ್ಬರು ಗೆಳೆಯರ ಜೊತೆ ಸೇರಿ ಎವೆನ್ನಿಯಾ ಎಂಬ ಪೈಥಾನ್ ಸಲಕರಣೆ ಬಳಸಿ ಕನ್ನಡದಲ್ಲೇ ಒಂದು ಮಡ್ ಕಟ್ಟಿದ್ದೇವೆ, ಅಂದರೆ ಚಿತ್ರವಿಲ್ಲದೆ ಬರಹದಲ್ಲೇ ಹಲವರು ಒಟ್ಟಿಗೆ ಆಡುವ ಆನ್‌ಲೈನ್ ಆಟ. ಕಥೆ ನಡೆಯುವುದು ಶಿವಪ್ಪನಾಯಕನ ಕಾಲದ ಬಿದನೂರಿನಲ್ಲಿ. ಮೆಣಸಿನ ವ್ಯಾಪಾರ, ಘಟ್ಟದ ದಾರಿ, ಕೋಟೆ, ಕಾವಲು ಎಲ್ಲ ಇದೆ. ಸಂಜೆ ಹೊತ್ತಿಗೆ 30–40 ಜನ ಇರುತ್ತಾರೆ. 60ಕ್ಕೂ ಹೆಚ್ಚು ಎನ್‌ಪಿಸಿಗಳಿಗೆ, ಅಂದರೆ ಆಟಗಾರರಲ್ಲದೆ ಕಂಪ್ಯೂಟರೇ ನಡೆಸುವ ಪಾತ್ರಗಳಿಗೆ, ತಿಂಗಳುಗಟ್ಟಲೆ ಕೂತು ಮಾತು ಬರೆದೆ. ಆದರೆ ಒಬ್ಬರೂ ಅವರನ್ನು ಮಾತಾಡಿಸುವುದಿಲ್ಲ! ದಾರಿ ಬೇಕಾದರೂ ಬೆಲೆ ಬೇಕಾದರೂ ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ಕೇಳುತ್ತಾರೆ. ಒಬ್ಬರಂತೂ ಎನ್‌ಪಿಸಿಗಳ ಮಾತನ್ನೆಲ್ಲ ಒಂದು ಗೂಗಲ್ ಶೀಟ್‌ಗೆ ಹಾಕಿಟ್ಟಿದ್ದಾರೆ. ಈಗಿನವರಿಗೆ ಓದುವ ತಾಳ್ಮೆ ಇಲ್ಲವೇ? ಎನ್‌ಪಿಸಿ ಇನ್ನೂ ಹೆಚ್ಚು ಹೇಳುವಂತೆ ಮಾಡಿದರೆ ಆಟದಲ್ಲಿ ರಹಸ್ಯವೇನು ಉಳಿಯುತ್ತದೆ? ಎಲ್ಲಕ್ಕೂ ಎಐ ಜೋಡಿಸಿಬಿಡು ಎನ್ನುತ್ತಾನೆ ಒಬ್ಬ ಗೆಳೆಯ. ಬರೆದದ್ದನ್ನೆಲ್ಲ ತೆಗೆದುಹಾಕಿ ಹಾಗೇ ಮಾಡಲೇ?

ಉತ್ತರ: ಆಟಗಾರರಿಗೆ ತಾಳ್ಮೆ ಇಲ್ಲ, ಹೆಚ್ಚು ಹೇಳಿದರೆ ರಹಸ್ಯ ಹೋಗುತ್ತದೆ, ಎಐ ಬಂದರೆ ಎಲ್ಲ ಸರಿಹೋಗುತ್ತದೆ: ನಿಮ್ಮ ಪತ್ರದಲ್ಲಿ ಈ ಮೂರು ಅನುಮಾನಗಳಿವೆ. ಮೂರನ್ನೂ ನಾನು ಒಪ್ಪುವುದಿಲ್ಲ. ಆದರೆ ಮೂರಕ್ಕೂ ಕಾರಣ ಬೇರೆ ಬೇರೆ, ಹಾಗಾಗಿ ಬಿಡಿಬಿಡಿಯಾಗಿ ಹೇಳುತ್ತೇನೆ.

ಮೊದಲನೆಯದು ಬೇಗ ಮುಗಿಯುತ್ತದೆ. ನಿಮ್ಮ ಆಟಗಾರರು ಕೇಳುವುದನ್ನು ಬಿಟ್ಟಿಲ್ಲ, ಟೆಲಿಗ್ರಾಂನಲ್ಲಿ ದಿನವೂ ಕೇಳುತ್ತಿದ್ದಾರೆ, ಅಲ್ಲಿ ಬರುವ ಉತ್ತರವನ್ನು ಓದುತ್ತಲೂ ಇದ್ದಾರೆ. ಬಿಟ್ಟಿರುವುದು ನಿಮ್ಮ ಪಾತ್ರಗಳನ್ನು ಕೇಳುವುದನ್ನು ಮಾತ್ರ. ಆನ್‌ಲೈನ್ ಆಟಗಳ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದು: ಹೊಸಬ ಆಟಕ್ಕೆ ಬಂದ ಮೊದಲ ಗಂಟೆಯಲ್ಲಿ ಎರಡೋ ಮೂರೋ ಎನ್‌ಪಿಸಿಗಳನ್ನು ಮನಸ್ಸಿಟ್ಟು ಮಾತಾಡಿಸುತ್ತಾನೆ. ಆಗ ಅವನಿಗೆ ಬೇಕಾದದ್ದು ಸಿಗದೆ ಬರೀ ಊರಿನ ಪುರಾಣವೋ 'ನನಗೆ ಅರ್ಥವಾಗಲಿಲ್ಲ' ಎಂಬ ಮಾತೋ ಬಂದರೆ, ಆ ಆಟದಲ್ಲಿ ಇನ್ನು ಯಾವ ಎನ್‌ಪಿಸಿಯ ಹತ್ತಿರವೂ ಸುಳಿಯುವುದಿಲ್ಲ. ಮುಂದೆ ನೀವು ಎಷ್ಟು ಚೆನ್ನಾಗಿ ಬರೆದರೂ ಅವನ ಕಣ್ಣಿಗೆ ಬೀಳುವುದಿಲ್ಲ.

ಈ ತೊಂದರೆಗೆ ದೊಡ್ಡ ಇತಿಹಾಸವೇ ಇದೆ. 1999ರಲ್ಲಿ ಬಂದ ಎವರ್‌ಕ್ವೆಸ್ಟ್‌ನಲ್ಲಿ ಎನ್‌ಪಿಸಿಗೆ 'ಹೇಲ್' (ನಮಸ್ಕಾರ ಎಂಬರ್ಥದ ಇಂಗ್ಲಿಷ್ ಪದ) ಎಂದು ಟೈಪ್ ಮಾಡಬೇಕಿತ್ತು. ಅದರ ಉತ್ತರದಲ್ಲಿ ಕೆಲವು ಪದಗಳು ಚೌಕ ಆವರಣದಲ್ಲಿ ಬರುತ್ತಿದ್ದವು, ಆ ಪದ ಸೇರಿಸಿ ಮತ್ತೊಂದು ವಾಕ್ಯ ಬರೆದರೆ ಮಾತು ಮುಂದುವರಿಯುತ್ತಿತ್ತು. ಕಲ್ಪನೆ ಚೆನ್ನಾಗಿಯೇ ಇತ್ತು. ಆದರೆ ಯಾವನೋ ಒಬ್ಬ ಆಟಗಾರ ಸರಿಯಾದ ಪದ ಕಂಡುಹಿಡಿದ ಮೇಲೆ ಅದು ಅಲಾಖಜಾಮ್‌ನಂಥ ಜಾಲತಾಣಗಳಿಗೆ ಹೋಗಿ ಕೂರುತ್ತಿತ್ತು. ಆಮೇಲೆ ಬಂದವರಿಗೆ ಎನ್‌ಪಿಸಿಯ ಮಾತು ಓದಲೇಬೇಕಾದ ಮಾತಾಗಿ ಉಳಿಯಲಿಲ್ಲ. ತಾಣದಿಂದ ನಕಲು ಮಾಡಿ ಅಂಟಿಸುವ ಗುಪ್ತಪದವಾಯಿತು. ನಿಮ್ಮ ಗುಂಪಿನ ಗೂಗಲ್ ಶೀಟ್ ಮಾಡುತ್ತಿರುವುದೂ ಇದನ್ನೇ. ಅದನ್ನು ಮಾಡಿದವರ ಮೇಲೆ ಬೇಸರ ಬೇಡ, ನಿಮ್ಮ ಆಟವನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಬೇರೊಬ್ಬರು ಇರಲಾರರು.

2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಊರಿನ ಕಾವಲುಗಾರನನ್ನು ಕ್ಲಿಕ್ ಮಾಡಿದರೆ ಚಿಕ್ಕ ಪಟ್ಟಿ ಬರುತ್ತದೆ: ಬ್ಯಾಂಕ್, ತಂಗುದಾಣ, ಕಸುಬು ಕಲಿಸುವವರು. ಒಂದನ್ನು ಆರಿಸಿದರೆ ನಕ್ಷೆಯಲ್ಲಿ ಬಾವುಟ ಮೂಡುತ್ತದೆ, ಅಷ್ಟೇ. ಹೊರಗಿನ ತಾಣಗಳಲ್ಲಿ ಎಲ್ಲೆಲ್ಲೂ ಸಿಗುವ ಮಾಹಿತಿ ಅದು. ಆದರೂ ಜನ ಕಾವಲುಗಾರನನ್ನೇ ಕೇಳುತ್ತಿದ್ದರು, ಏಕೆಂದರೆ ಅವನು ನಿಂತಲ್ಲೇ ಸಿಗುತ್ತಿದ್ದ, ಎರಡು ಕ್ಲಿಕ್ಕಿನಲ್ಲಿ ಕೆಲಸ ಮುಗಿಯುತ್ತಿತ್ತು. ಅದೇ ಆಟದಲ್ಲಿ ಕ್ವೆಸ್ಟ್, ಅಂದರೆ ಮಾಡಿ ಮುಗಿಸಬೇಕಾದ ಕೆಲಸ, ಕೊಡುವವರು ಎಲ್ಲಿಗೆ ಹೋಗಬೇಕೆಂಬುದನ್ನು ಕಥೆಯ ನಡುವೆ ಹುದುಗಿಸಿ ಹೇಳುತ್ತಿದ್ದರು. ಆಟಗಾರರು ಅದನ್ನು ಬಿಟ್ಟು, ಗುರಿಯನ್ನು ನಕ್ಷೆಯಲ್ಲೇ ತೋರಿಸುವ ಆಡ್‌ಆನ್‌ಗಳನ್ನು (ಆಟಕ್ಕೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂಗಳನ್ನು) ತಾವೇ ಬರೆದುಕೊಂಡರು. ಕೊನೆಗೆ 2009ರ ಡಿಸೆಂಬರ್‌ನಲ್ಲಿ ಆ ಸೌಲಭ್ಯವನ್ನು ಕಂಪನಿಯೇ ಆಟದೊಳಗೆ ಸೇರಿಸಿತು.

ಬದಲಾಗದ ಸಂಗತಿಗಳ ಬಗ್ಗೆ, ಅಂದರೆ ಬಾವಿ ಎಲ್ಲಿ, ಛತ್ರ ಎಲ್ಲಿ, ದೀಪದೆಣ್ಣೆ ಯಾರ ಹತ್ತಿರ ಸಿಗುತ್ತದೆ ಎಂಬಂಥವುಗಳ ಬಗ್ಗೆ, ನನ್ನ ಸಲಹೆ ನೇರ. ಅವನ್ನು ಬಚ್ಚಿಡಬೇಡಿ, ಅಲಂಕರಿಸಬೇಡಿ. ಒಂದೇ ಸಾಲಿನಲ್ಲಿ ಹೇಳಿಬಿಡಿ, ಸಂಖ್ಯೆ ಒತ್ತಿ ಆರಿಸುವ ಪಟ್ಟಿ ಕೊಡಿ. 'ದೇವಸ್ಥಾನದ ಬೀದಿಯಲ್ಲಿ ಮೂಡಣಕ್ಕೆ ಎರಡು ಹೆಜ್ಜೆ, ಆಮೇಲೆ ಬಡಗಣಕ್ಕೆ' ಎಂದು ಕೋಟೆ ಬಾಗಿಲ ಕಾವಲುಗಾರ ಹೇಳಿದರೆ ಸಾಕು. ಟೆಲಿಗ್ರಾಂ ತೆರೆಯುವುದಕ್ಕಿಂತ ಬೇಗ ಸಿಕ್ಕರೆ ಜನ ಇವನನ್ನೇ ಕೇಳುತ್ತಾರೆ.

ಇಷ್ಟರಿಂದ ಎನ್‌ಪಿಸಿ ಸೂಚನಾಫಲಕದ ಮಟ್ಟಕ್ಕೆ ಬರುತ್ತದೆ. ಹಲವರು ಒಟ್ಟಿಗೆ ಆಡುವ ಲೋಕದಲ್ಲಿ ಅದಕ್ಕಿಂತ ದೊಡ್ಡ ಅವಕಾಶವಿದೆ, ಹೆಚ್ಚಿನ ಆಟಗಳು ಅದನ್ನು ಬಳಸಿಕೊಳ್ಳುವುದೇ ಇಲ್ಲ. ಗೂಗಲ್ ಶೀಟ್‌ಗೆ ನಿನ್ನೆಯದು ಗೊತ್ತು, ಈ ಗಳಿಗೆಯದು ಗೊತ್ತಿಲ್ಲ. ನಿಮ್ಮ ಸರ್ವರ್‌ಗೆ ಗೊತ್ತು. ಆ ಅರಿವಿನ ಚಿಕ್ಕ ಚಿಕ್ಕ ಪಾಲುಗಳನ್ನು ಎನ್‌ಪಿಸಿಗಳ ಬಾಯಿಗೆ ಕೊಟ್ಟರೆ ಅವರನ್ನು ಮಾತಾಡಿಸದೆ ವಿಧಿಯಿಲ್ಲ.

ಇದು ಹೊಸ ವಿಚಾರವೇನಲ್ಲ. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಟೈನಿಮಡ್ ಎಂಬ ಆಟ ಹುಟ್ಟಿತು. ಅಲ್ಲೇ ಮೈಕೆಲ್ ಮಾಲ್ಡಿನ್ ಎಂಬವರು ಜೂಲಿಯಾ ಎಂಬ ರೋಬಾಟ್ ಪಾತ್ರವನ್ನು ಬರೆದರು. ಜೂಲಿಯಾ ಮನುಷ್ಯರಂತೆ ಮಾತಾಡುವ ಸ್ಪರ್ಧೆಗೂ ಹೋದಳು, ಹೆಸರಾದದ್ದೂ ಅದರಿಂದಲೇ. ಆದರೆ ಆಟದೊಳಗೆ ಅವಳ ಉಪಯೋಗವೇ ಬೇರೆ ಇತ್ತು. ಸುಮ್ಮನೆ ಅಲೆಯುತ್ತ ಕೋಣೆಯಿಂದ ಕೋಣೆಗೆ ಹೋಗಿ ನಕ್ಷೆ ಕಟ್ಟಿಕೊಳ್ಳುತ್ತಿದ್ದಳು. ಟೈನಿಮಡ್‌ನಲ್ಲಿ ಆಟಗಾರರೇ ಹೊಸ ಕೋಣೆ ಕಟ್ಟುತ್ತಿದ್ದರಿಂದ ಕಾಗದದ ನಕ್ಷೆ ಬೇಗ ಹಳತಾಗುತ್ತಿತ್ತು. 'ಇಲ್ಲಿಂದ ಅಲ್ಲಿಗೆ ಹೇಗೆ ಹೋಗಲಿ' ಎಂದು ಕೇಳಿದರೆ ಜೂಲಿಯಾ ದಾರಿ ಹೇಳುತ್ತಿದ್ದಳು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುತ್ತಿದ್ದಳು, ಯಾರನ್ನು ಎಲ್ಲಿ ಕಂಡೆ ಎಂದೂ ತಿಳಿಸುತ್ತಿದ್ದಳು. ಭಾಷೆಯನ್ನು ಅರಿಯುವ ಅವಳ ಶಕ್ತಿ ಇಂದಿನ ಲೆಕ್ಕದಲ್ಲಿ ತೀರಾ ಕಡಿಮೆ. ಆದರೂ ಬೇರೆಯವರಿಗೆ ಗೊತ್ತಿಲ್ಲದ್ದನ್ನು ಅವಳು ತಿಳಿದಿದ್ದಳು, ಆದ್ದರಿಂದ ಜನ ಅವಳನ್ನು ಹುಡುಕಿಕೊಂಡು ಹೋದರು.

ಈಗ ನಿಮ್ಮ ಬಿದನೂರಿಗೆ ಬರೋಣ. ನೀವು ಆರಿಸಿಕೊಂಡ ಕಾಲ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಮಾಹಿತಿಯೇ ಕಸುಬಾದ ಜನ ಆ ಊರಿನಲ್ಲಿ ಬೇಕಾದಷ್ಟಿದ್ದರು. ಘಟ್ಟದ ತಲೆಯಲ್ಲಿ ಸುಂಕದ ಕಟ್ಟೆ ಇದೆಯಲ್ಲ, ಬಸರೂರಿಗೆ ಇಳಿಯುವ ಪ್ರತಿ ಮೆಣಸಿನ ಹೇರೂ ಸುಂಕದವನ ಕಣ್ಣೆದುರೇ ಹೋಗುತ್ತದೆ. ಇವತ್ತು ಎಷ್ಟು ಹೇರು ಇಳಿಯಿತು, ಯಾವ ಕಡೆಯಿಂದ ಬಂತು ಎಂಬುದು ಅವನಿಗೆ ಗೊತ್ತು, ಮಾರಿದ ಬೆಲೆ ಗೊತ್ತಿಲ್ಲ. ತಳವಾರನಿಗೆ ರಾತ್ರಿ ಯಾರು ಓಡಾಡಿದರು ಎಂಬುದು ಗೊತ್ತು, ಹಗಲಿನದು ಗೊತ್ತಿಲ್ಲ, ಏಕೆಂದರೆ ಹಗಲು ಅವನು ಮಲಗಿರುತ್ತಾನೆ. ಶಾನುಭೋಗನ ಕಡತದಲ್ಲಿ ಎಲ್ಲ ಕರಾರುವಾಕ್ಕಾಗಿ ಇದೆ, ಆದರೆ ಒಂದು ದಿನ ತಡವಾಗಿ. ಅರವಟ್ಟಿಗೆಯ ಅಜ್ಜಿಗೆ ದಾರಿಹೋಕರು ಆಡಿದ ಮಾತೆಲ್ಲ ಕಿವಿಗೆ ಬೀಳುತ್ತದೆ, ಅದರಲ್ಲಿ ಯಾವುದು ನಿಜ ಯಾವುದು ಸುಳ್ಳು ಎಂಬುದು ಅವಳಿಗೂ ತಿಳಿಯದು.

ಪಾತ್ರದ ಸ್ವಭಾವ ಬರೆಯುವ ಮೊದಲು ಇದನ್ನು ಬರೆದುಕೊಳ್ಳಿ: ಇವನಿಗೆ ಏನು ಕಾಣುತ್ತದೆ, ಎಲ್ಲಿಂದ ಕಾಣುತ್ತದೆ, ಎಷ್ಟು ಹೊತ್ತು ನೆನಪಿರುತ್ತದೆ, ಏನು ಕಾಣುವುದೇ ಇಲ್ಲ. ಕೊನೆಯದು ಬಹಳ ಮುಖ್ಯ. ಎಲ್ಲ ಎನ್‌ಪಿಸಿಗಳಿಗೂ ಎಲ್ಲವೂ ಗೊತ್ತಿದ್ದರೆ ಆಟಗಾರ ಹತ್ತಿರದವನನ್ನು ಕೇಳಿ ಮುಗಿಸುತ್ತಾನೆ. ಒಬ್ಬೊಬ್ಬರಿಗೆ ಒಂದೊಂದು ಗೊತ್ತಿದ್ದಾಗ 'ಇದನ್ನು ಯಾರ ಹತ್ತಿರ ಕೇಳಬೇಕು' ಎಂಬ ಪ್ರಶ್ನೆಯೇ ಆಟದ ಭಾಗವಾಗುತ್ತದೆ.

ಕೋಡ್ ಕಷ್ಟವಿಲ್ಲ. ಕೋಣೆಯೊಳಗೆ ಯಾರಾದರೂ ಕಾಲಿಟ್ಟಾಗ ತಾನಾಗಿ ಓಡುವ ಹುಕ್ ಎವೆನ್ನಿಯಾದಲ್ಲೇ ಇದೆ. ಅಲ್ಲಿಂದ ಒಂದು ಸಾಲು ದಾಖಲಿಸಿ: ಯಾರು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಕೈಯಲ್ಲಿ ಎದ್ದು ಕಾಣುವಂಥದ್ದು ಏನಿತ್ತು. ಆ ಕೋಣೆಯಲ್ಲಿರುವ ಎನ್‌ಪಿಸಿ ಅದಕ್ಕೆ ಸಾಕ್ಷಿ. ಈ ಸಾಲುಗಳನ್ನು ಎನ್‌ಪಿಸಿಯ ಆ್ಯಟ್ರಿಬ್ಯೂಟ್‌ನೊಳಗೆ (ಪಾತ್ರದ ಜೊತೆಗೇ ಉಳಿಸಿಡುವ ಮಾಹಿತಿಯೊಳಗೆ) ಪಟ್ಟಿಯಾಗಿ ತುಂಬಬೇಡಿ, ಒಂದು ಸಾಲು ಸೇರಿಸಿದಾಗಲೂ ಇಡೀ ಪಟ್ಟಿ ಡೇಟಾಬೇಸಿಗೆ ಮತ್ತೆ ಬರೆಯಲ್ಪಡುತ್ತದೆ. ಎವೆನ್ನಿಯಾದ ಕೆಳಗೆ ಡೇಟಾಬೇಸ್ ನೋಡಿಕೊಳ್ಳುವ ಜ್ಯಾಂಗೋ ಇರುವುದರಿಂದ ಘಟನೆಗಳಿಗೆ ಬೇರೆಯೇ ಟೇಬಲ್ ಮಾಡಿ, ಆಟದ ಮೂರು ದಿನ ಕಳೆದದ್ದನ್ನು ಅಳಿಸುತ್ತಿರಿ. ಪ್ರಶ್ನೆ ಬಂದಾಗ ಆ ಟೇಬಲ್ಲಿಂದ ಈ ಎನ್‌ಪಿಸಿ ಕಂಡದ್ದನ್ನು ಮಾತ್ರ ಹೆಕ್ಕಿ ಹೇಳಿಸಿ.

ಹೇಳುವ ರೀತಿಯಲ್ಲಿ ಕನ್ನಡ ನಿಮಗೆ ದೊಡ್ಡ ಸಹಾಯ ಮಾಡುತ್ತದೆ. ಕಣ್ಣಾರೆ ಕಂಡದ್ದಕ್ಕೆ 'ಇಕ್ಕೇರಿ ಕಡೆಯ ಹೇರುಗಳು ಆಗಲೇ ಇಳಿದವು', ಯಾರೋ ಹೇಳಿದ್ದಕ್ಕೆ 'ಇಳಿದವಂತೆ', ಊಹೆಗೆ 'ಇಳಿದಿರಬೇಕು'. ಮಾಹಿತಿ ಎಷ್ಟು ಗಟ್ಟಿ ಎಂಬುದು ಕ್ರಿಯಾಪದದಲ್ಲೇ ಗೊತ್ತಾಗುವುದರಿಂದ ಬಣ್ಣ, ಚಿಹ್ನೆ ಯಾವುದೂ ಬೇಡ. ದಾಖಲೆಯ ಪ್ರತಿ ಸಾಲಿಗೂ ಕಂಡದ್ದೋ ಕೇಳಿದ್ದೋ ಎಂಬ ಗುರುತು ಇಟ್ಟು, ವಾಕ್ಯ ಕಟ್ಟುವಾಗ ತಕ್ಕ ರೂಪ ಬಳಸಿ.

ಕೇಳಿದ ಸುದ್ದಿ ಊರಿಂದೂರಿಗೆ ಹರಿಯಬೇಕು ಎಂದು ಮುಂದೆ ನಿಮಗೇ ಅನ್ನಿಸುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್ ಸಂಶೋಧಕರು 25 ಎಐ ಪಾತ್ರಗಳನ್ನು ಒಂದು ಪುಟ್ಟ ಊರಿನಲ್ಲಿ ಬಿಟ್ಟು ನೋಡಿದ್ದರು. ಒಬ್ಬಳಿಗೆ ಮಾತ್ರ ಗೊತ್ತಿದ್ದ ಸಂತೋಷಕೂಟದ ಸುದ್ದಿ ಆಟದ ಎರಡು ದಿನಗಳಲ್ಲಿ ಸುಮಾರು ಅರ್ಧ ಊರಿಗೆ ಹರಡಿತು. ನಿಮಗೆ ಅಷ್ಟೆಲ್ಲ ಬೇಕಿಲ್ಲ. ಹೇರೆತ್ತಿನ ಗುಂಪು ಬಿದನೂರಿನಿಂದ ಇಕ್ಕೇರಿಗೆ ಹೋಗುವಾಗ ಅರವಟ್ಟಿಗೆಯಲ್ಲಿ ನಿಲ್ಲುತ್ತದೆ, ಆ ಗುಂಪಿನ ಮುಖಂಡನ ದಾಖಲೆಯಿಂದ ಹೊಸ ಎರಡು ಸಾಲು ಅಜ್ಜಿಯ ದಾಖಲೆಗೆ ನಕಲಾಗುತ್ತವೆ, 'ಕೇಳಿದ್ದು' ಎಂಬ ಗುರುತಿನೊಂದಿಗೆ. ಇದಕ್ಕೆ ಕೆಲವೇ ಸಾಲು ಪೈಥಾನ್ ಸಾಕು. ಎತ್ತುಗಳು ದಾರಿಯಲ್ಲಿ ತಡವಾದರೆ ಸುದ್ದಿಯೂ ತಡವಾಗುತ್ತದೆ. ಆಟಗಾರರು ಘಟ್ಟದಲ್ಲಿ ಆ ಗುಂಪನ್ನು ದೋಚಿದರೆ ಇಕ್ಕೇರಿಗೆ ಸುದ್ದಿ ತಲುಪುವುದೇ ಇಲ್ಲ, ಆ ಮೌನದಿಂದಲೇ ಚುರುಕಾದ ವ್ಯಾಪಾರಿಗೆ ಏನೋ ಆಗಿದೆ ಎಂದು ತಿಳಿಯುತ್ತದೆ. ಒಂದು ಅಪಾಯ ಮಾತ್ರ ಇದೆ: ಎಲ್ಲ ಚಿಲ್ಲರೆ ಘಟನೆಯೂ ಸುದ್ದಿಯಾಗಿ ಹರಿದರೆ ಅಜ್ಜಿಯ ಬಾಯಲ್ಲಿ ಕಸವೇ ಬರುತ್ತದೆ. ಸಾವು, ದರೋಡೆ, ದೊಡ್ಡ ಹೇರು, ಮುಚ್ಚಿದ ದಾರಿ, ಇಷ್ಟಕ್ಕೆ ಮಾತ್ರ ಹರಿಯುವ ಹಕ್ಕು ಕೊಡಿ.

ನಿಮ್ಮ ರಹಸ್ಯದ ಚಿಂತೆಗೂ ಇಲ್ಲಿಯೇ ಉತ್ತರವಿದೆ. ಒಗಟಿನ ಉತ್ತರದಂಥ ರಹಸ್ಯ ಹಲವರು ಆಡುವ ಆಟದಲ್ಲಿ ಉಳಿಯುವುದಿಲ್ಲ. ಒಬ್ಬ ಬಿಡಿಸಿದರೆ ರಾತ್ರಿಯೊಳಗೆ ಎಲ್ಲರಿಗೂ ಗೊತ್ತು. ಎನ್‌ಪಿಸಿ ಬಾಯಿ ಮುಚ್ಚಿಕೊಂಡಿದ್ದರೂ ಅದು ಉಳಿಯಲಿಲ್ಲ ಎಂಬುದನ್ನು ನಿಮ್ಮ ಗೂಗಲ್ ಶೀಟ್ ಆಗಲೇ ತೋರಿಸಿಕೊಟ್ಟಿದೆ. ಉಳಿಯುವುದು ಬದಲಾಗುತ್ತಿರುವ ಸಂಗತಿ, ಮತ್ತು ಇಬ್ಬರ ಮಾತು ತಾಳೆಯಾಗದಿದ್ದಾಗ ಹುಟ್ಟುವ ಅನುಮಾನ. ಸುಂಕದವನು 12 ಹೇರು ಹೋಯಿತು ಎನ್ನುತ್ತಾನೆ, ಮರುದಿನ ಶಾನುಭೋಗನ ಕಡತದಲ್ಲಿ 9 ಎಂದಿದೆ. ಮೂರು ಹೇರಿನ ಸುಂಕ ಎಲ್ಲಿ ಹೋಯಿತು? ಇದನ್ನು ಯಾವ ಶೀಟ್‌ಗೂ ಹಾಕಿಡಲಾಗದು, ಏಕೆಂದರೆ ನಾಳೆ ಲೆಕ್ಕ ಬೇರೆ.

ಹಾಗೆಂದು ಎನ್‌ಪಿಸಿ ಬೇಕೆಂದಾಗ ಸುಳ್ಳು ಹೇಳಬಹುದೇ? ನನ್ನ ನಿಲುವು ಬಿಗಿ. ದಾರಿ, ನೀರು, ಔಷಧ, ಆಟದ ಕಮ್ಯಾಂಡ್‌ಗಳ ಬಗ್ಗೆ ಎಂದಿಗೂ ಸುಳ್ಳು ಬೇಡ. ಹೊಸಬನನ್ನು ಒಮ್ಮೆ ತಪ್ಪು ದಾರಿಗೆ ಕಳಿಸಿ ಕೊಂದರೆ ಅವನ ಕೋಪ ಆ ಪಾತ್ರದ ಮೇಲಲ್ಲ, ನಿಮ್ಮ ಆಟದ ಮೇಲೆ. ಸ್ವಾರ್ಥವಿರುವ ಕಡೆ ಸುಳ್ಳು ಹೇಳಬಹುದು, ಆದರೆ ಅದನ್ನು ಪತ್ತೆಹಚ್ಚಲು ಊರಿನಲ್ಲಿ ಇನ್ನೊಂದು ಮೂಲ ಇರಲೇಬೇಕು.

ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವ ಕಷ್ಟ

ನೀವು ಬರೆದಿಲ್ಲ, ಆದರೆ ಊಹಿಸಬಲ್ಲೆ: ನಿಮ್ಮ ಎನ್‌ಪಿಸಿಗಳು 'ಮೆಣಸು' ಎಂದು ಬರೆದರೆ ಉತ್ತರಿಸುತ್ತವೆ, 'ಮೆಣಸೆಷ್ಟಿದೆ' ಎಂದರೆ ತಬ್ಬಿಬ್ಬಾಗುತ್ತವೆ. ಇಂಗ್ಲಿಷ್ ಆಟಗಳಿಂದ ತಂದ ಕೀವರ್ಡ್ ಹೊಂದಿಕೆ, ಅಂದರೆ ಗೊತ್ತುಮಾಡಿದ ಪದ ಇದೆಯೇ ಎಂದು ಹುಡುಕುವ ರೀತಿ, ಕನ್ನಡದಲ್ಲಿ ಸೋಲುವುದು ಇಲ್ಲೇ. ನಮ್ಮಲ್ಲಿ ಪದ ಒಂಟಿಯಾಗಿ ಬರುವುದು ಕಡಿಮೆ. ಮೆಣಸಿನ, ಮೆಣಸಿಗೆ, ಮೆಣಸನ್ನು ಎಂದು ವಿಭಕ್ತಿ ಅಂಟುತ್ತದೆ, ಸಂಧಿಯಾಗಿ ಮುಂದಿನ ಪದವೂ ಕೂಡಿಕೊಳ್ಳುತ್ತದೆ.

ಪೂರ್ತಿ ವ್ಯಾಕರಣ ವಿಶ್ಲೇಷಣೆ ನಿಮಗೆ ಬೇಡ. ಕೊನೆಯ ಸ್ವರಚಿಹ್ನೆ ಬಿಟ್ಟು 'ಮೆಣಸ' ಎಂಬಷ್ಟನ್ನು ಪದದ ಬೇರು ಎಂದು ಇಟ್ಟುಕೊಂಡು, ಅದರಿಂದ ಶುರುವಾಗುವ ಪದವನ್ನೆಲ್ಲ ಒಪ್ಪಿಕೊಳ್ಳಿ. ಆಗ 'ಮೆಣಸಿನಕಾಯಿ' ಕೂಡ ಅದರೊಳಗೆ ಬಂದುಬಿಡುತ್ತದೆ, ಸುಂಕದವನು ಮೆಣಸಿನಕಾಯಿ ಕೇಳಿದವರಿಗೆ ಕರಿಮೆಣಸಿನ ಲೆಕ್ಕ ಒಪ್ಪಿಸುತ್ತಾನೆ. ಹಾಗಾಗಿ ಉದ್ದದ ಬೇರನ್ನು ಮೊದಲು ಹುಡುಕಿ, ಆಮೇಲೆ ಗಿಡ್ಡದ್ದನ್ನು. ಇನ್ನೊಂದು ಎಚ್ಚರ: 'ಹೊಳೆ'ಯ 'ೊ' ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡರ ಜೋಡಿಯಾಗಿಯೂ ಬರೆಯಲು ಬರುತ್ತದೆ. ಕಣ್ಣಿಗೆ ಎರಡೂ ಒಂದೇ, ಪ್ರೋಗ್ರಾಂಗೆ ಬೇರೆ ಬೇರೆ. ಒಳಬರುವ ಬರಹವನ್ನು ಮೊದಲೇ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಈ ತಕರಾರು ಇರುವುದಿಲ್ಲ.

ಫೋನಿನಲ್ಲಿ ಆಡುವ ಅನೇಕರು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಟೈಪ್ ಮಾಡುತ್ತಾರೆ. ಅದರಲ್ಲಿ ಏಕರೂಪವಿಲ್ಲ, ಒಬ್ಬರು ನಡುವಿನ ಸ್ವರ ಹಾರಿಸುತ್ತಾರೆ, ಇನ್ನೊಬ್ಬರು ಎರಡೆರಡು ಬಾರಿ ಬರೆಯುತ್ತಾರೆ. ಸ್ವರಗಳನ್ನೆಲ್ಲ ತೆಗೆದು ವ್ಯಂಜನಗಳನ್ನು ಮಾತ್ರ ಹೋಲಿಸಿದರೆ ಬಹುಪಾಲು ಹಿಡಿತಕ್ಕೆ ಸಿಗುತ್ತದೆ. 'ಮನಸು' ಕೂಡ 'ಮೆಣಸು' ಆಗಿಬಿಡುವ ಅಪಾಯ ಇದ್ದೇ ಇದೆ. ಆದರೆ ಸುಂಕದವನಿಗೆ ಗೊತ್ತಿರುವ ಪದಗಳೇ ಹತ್ತಿಪ್ಪತ್ತು, ಅವನ್ನಷ್ಟೇ ಹೋಲಿಸುವುದರಿಂದ ಗೊಂದಲ ಕಡಿಮೆ. ಅನುಮಾನ ಬಂದರೆ ಅವನೇ 'ಮೆಣಸಿನ ಲೆಕ್ಕವೇ ಕೇಳ್ತಿರೋದು?' ಎನ್ನಲಿ.

ಉತ್ತರ ಕಟ್ಟುವಾಗಲೂ ಇದೇ ಕಥೆ. ಊರಿನ ಹೆಸರಿನ ಮುಂದೆ ಪ್ರತ್ಯಯ ಅಂಟಿಸಿಬಿಡೋಣ ಎಂದರೆ ಆಗದು: ಇಕ್ಕೇರಿಯಿಂದ, ಬಸರೂರಿನಿಂದ, ಹೊನ್ನಾವರದಿಂದ. ಪ್ರತಿ ಹೆಸರಿಗೂ ಬೇಕಾದ ನಾಲ್ಕೈದು ರೂಪಗಳನ್ನು ಕೈಯಿಂದಲೇ ಬರೆದಿಡಿ. ಬಂದ, ಬಂದಳು, ಬಂದರು ಎಂಬುದಕ್ಕೂ ಹಾಗೆಯೇ. ಒಂದು ವಾರಾಂತ್ಯದ ಕೆಲಸ, ಆದರೆ 'ಬಸರೂರುಇಂದ' ಎಂದು ಒಮ್ಮೆ ಬಂದರೂ ಇಡೀ ಬಿದನೂರು ಯಂತ್ರ ಅನ್ನಿಸುತ್ತದೆ.

ಇದೆಲ್ಲದರ ಜೊತೆಗೆ, ಉತ್ತರ ಸಿಗದೆ ಹೋದ ಪ್ರತಿ ಪ್ರಶ್ನೆಯನ್ನೂ ಒಂದು ಫೈಲಿಗೆ ಬರೆಸಿ, ವಾರಕ್ಕೊಮ್ಮೆ ಓದಿ. ಅದರಲ್ಲಿ ಏನು ಬರೆಯಬೇಕೆಂದು ಆಟಗಾರರೇ ನಿಮಗೆ ಹೇಳಿರುತ್ತಾರೆ. ನನ್ನ ಕೆಲಸದಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಫಲ ಕೊಟ್ಟ ಉಪಾಯ ಇನ್ನೊಂದಿಲ್ಲ. ಮತ್ತೆ, ಗೊತ್ತಿಲ್ಲದ ಪ್ರಶ್ನೆಗೆ 'ಅರ್ಥವಾಗಲಿಲ್ಲ' ಎನ್ನಿಸಬೇಡಿ. 'ಅದು ನನಗೆ ತಿಳೀದು, ರಾತ್ರಿ ಓಡಾಟ ಎಲ್ಲ ತಳವಾರನ್ನ ಕೇಳಬೇಕು' ಎಂದು ಗೊತ್ತಿರುವವರ ಕಡೆಗೆ ಕಳಿಸಲಿ. ಖಾಲಿ ಕೈಯಲ್ಲಿ ಹೋಗದಿದ್ದರೆ ಜನ ಮತ್ತೆ ಬರುತ್ತಾರೆ.

ಎಐ ಜೋಡಿಸುವ ಮಾತು

ನಿಮ್ಮ ಗೆಳೆಯರ ಸಲಹೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಭಾಷಾ ಮಾದರಿಗಳನ್ನು, ಅಂದರೆ ಮಾತು ಹೆಣೆಯುವ ಎಐಗಳನ್ನು, ಎನ್‌ಪಿಸಿಗೆ ಜೋಡಿಸಲು ಬಳಕೆದಾರರು ಬರೆದುಕೊಟ್ಟ ಕೋಡ್ ಎವೆನ್ನಿಯಾದಲ್ಲೇ ಇದೆ. ದೊಡ್ಡ ಕಂಪನಿಗಳೂ ಈ ದಾರಿಯಲ್ಲಿವೆ: ಎನ್‌ವಿಡಿಯಾ 2023ರಲ್ಲಿ, ಯೂಬಿಸಾಫ್ಟ್ 2024ರಲ್ಲಿ ಇಂಥ ಪಾತ್ರಗಳ ಪ್ರದರ್ಶನ ಕೊಟ್ಟವು. ಆದರೆ ಮಾದರಿಗೆ ಭಾಷೆ ಗೊತ್ತು, ನಿಮ್ಮ ಬಿದನೂರಿನಲ್ಲಿ ಇವತ್ತು ಏನಾಯಿತು ಎಂಬುದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೇಳಿದರೆ ಸುಮ್ಮನಿರದೆ ಚೆಂದವಾಗಿ ಕಲ್ಪಿಸಿ ಹೇಳುತ್ತದೆ. ಇಲ್ಲದ ಸುರಂಗ, ಇಲ್ಲದ ನಿಧಿ, ಇಲ್ಲದ ಸೇತುವೆ. ಸ್ಟ್ಯಾನ್‌ಫರ್ಡ್‌ನ ಆ ಪ್ರಯೋಗದಲ್ಲೂ ಪಾತ್ರಗಳು ತಮ್ಮ ನೆನಪಿಗೆ ಬಣ್ಣ ಕಟ್ಟಿ ಹೇಳಿದ್ದನ್ನು ಸಂಶೋಧಕರೇ ದಾಖಲಿಸಿದ್ದಾರೆ. ಕತೆಗೆ ಅದು ಸೊಗಸು, ಮಾಹಿತಿಗೆ ವಿಷ. ಒಮ್ಮೆ ಸುಂಕದವನ ಮಾತು ನಂಬಿ ಸರಕು ಹೊತ್ತು ಇಲ್ಲದ ದಾರಿಗೆ ಹೋದವನು ಆಮೇಲೆ ಅವನು ನಿಜ ಹೇಳಿದರೂ ಕೇಳುವುದಿಲ್ಲ.

ಎರಡನೆಯ ಅಪಾಯ ಆಟಗಾರರಿಂದಲೇ. 2025ರ ಮೇ ತಿಂಗಳಲ್ಲಿ ಫೋರ್ಟ್‌ನೈಟ್‌ನಲ್ಲಿ ಎಐ ಧ್ವನಿಯ ಡಾರ್ತ್ ವೇಡರ್ ಪಾತ್ರ ಬಂತು. ಬಂದ ದಿನವೇ ಆಟಗಾರರು ಅದರ ಬಾಯಿಂದ ಬೈಗುಳ ಹೊರಡಿಸಿದರು, ಕಂಪನಿ ತರಾತುರಿಯಲ್ಲಿ ತಿದ್ದುಪಡಿ ಹಾಕಬೇಕಾಯಿತು. ಅಷ್ಟು ದೊಡ್ಡ ತಂಡ ಕಾವಲಿಟ್ಟರೂ ಹೀಗಾಗುವುದಾದರೆ, ಹಗಲು ಬೇರೆ ಕೆಲಸ ಮಾಡುವ ಮೂವರು ಗೆಳೆಯರ ಪಾಡೇನು ಯೋಚಿಸಿ. ಕೋಣೆಯಲ್ಲಿರುವ ಎಲ್ಲರಿಗೂ ಆ ಮಾತು ಕಾಣಿಸುತ್ತದೆ, ಅವರಲ್ಲಿ ಶಾಲೆಯ ಮಕ್ಕಳೂ ಇರಬಹುದು. ಖರ್ಚು ಬೇರೆ ಇದೆ: ಒಬ್ಬ ಆಟಗಾರ ಬೇಸರ ಕಳೆಯಲು ಅಜ್ಜಿಯ ಜೊತೆ ರಾತ್ರಿಯಿಡೀ ಹರಟಿದರೆ ಬಿಲ್ ನಿಮಗೆ ಬರುತ್ತದೆ.

ಬಳಸಲೇಬೇಕೆಂದರೆ ಕಿವಿಗೆ ಬಳಸಿ, ಬಾಯಿಗೆ ಬೇಡ. 'ಘಟ್ಟದ ಕಡೆ ನಿನ್ನೆ ಏನಾದ್ರೂ ಗಲಾಟೆ ಆಯ್ತಾ ಮಾರಾಯ್ರೇ' ಎಂಬ ಅಡ್ಡಾದಿಡ್ಡಿ ಪ್ರಶ್ನೆಯನ್ನು 'ವಿಷಯ: ದರೋಡೆ, ಜಾಗ: ಘಟ್ಟ, ದಿನ: ನಿನ್ನೆ' ಎಂದು ಬಿಡಿಸುವ ಕೆಲಸ ಮಾದರಿ ಮಾಡಲಿ. ಉತ್ತರ ನಿಮ್ಮ ಟೇಬಲ್ಲಿಂದ ಬರಲಿ, ನೀವು ಬರೆದ ವಾಕ್ಯದಲ್ಲಿ ಬರಲಿ. ಆಗ ಮಾದರಿ ತಪ್ಪು ಮಾಡಿದರೂ ತಪ್ಪು ಪ್ರಶ್ನೆಗೆ ಸರಿಯಾದ ಉತ್ತರ ಬರುತ್ತದೆ, ಹುಸಿ ಉತ್ತರ ಬರುವುದಿಲ್ಲ. ಅದೂ ಮೊದಲು ಬೇರು ಹೊಂದಿಕೆ ಸೋತಾಗ ಮಾತ್ರ. ಆಗ ಖರ್ಚೂ ಇಳಿಯುತ್ತದೆ.

ಆಟಗಾರರ ಸುರಕ್ಷೆ

ಒಂದು ವಿಷಯ ನಿಮ್ಮ ಪತ್ರದಲ್ಲಿಲ್ಲ, ಆದರೆ ಹೇಳದೆ ಬಿಡಲಾರೆ. ತಳವಾರ 'ಯಾರು ಎಲ್ಲಿಗೆ ಹೋದರು' ಎಂದು ಹೇಳತೊಡಗಿದ ದಿನದಿಂದ, ಒಬ್ಬ ಆಟಗಾರ್ತಿಯನ್ನು ಬೆನ್ನಟ್ಟಿ ಪೀಡಿಸುವವನಿಗೆ ಅವನು ಗೂಢಚಾರನಾಗುತ್ತಾನೆ. ಜೂಲಿಯಾ ಮಾಡುತ್ತಿದ್ದ ಹಾಗೆ ಯಾರು ಎಲ್ಲಿದ್ದಾರೆಂದು ಕೇಳಿದವರಿಗೆಲ್ಲ ಹೇಳುವ ಎನ್‌ಪಿಸಿಯನ್ನು ನಾನು ಇಂದು ಕಟ್ಟುವುದಿಲ್ಲ. ಪರಿಚಯವಿಲ್ಲದವರ ಹೆಸರು ಎನ್‌ಪಿಸಿಗೆ ಗೊತ್ತಿರಬಾರದು, 'ಕಂಬಳಿ ಹೊದ್ದ ಒಬ್ಬರು ಕೆರೆ ಕಡೆ ಹೋದರು' ಎನ್ನಲಿ. ಮುಸುಕು ಹಾಕಿಕೊಂಡರೆ ಅದೂ ಕಾಣದಿರಲಿ. ಯಾರನ್ನು ಬ್ಲಾಕ್ ಮಾಡಿದ್ದೇನೋ ಅವರಿಗೆ ನನ್ನ ಬಗ್ಗೆ ಯಾವ ಎನ್‌ಪಿಸಿಯೂ ಒಂದಕ್ಷರ ಹೇಳಬಾರದು, ಇದಕ್ಕೆ ವಿನಾಯಿತಿಯೇ ಇಲ್ಲ. ಆಟದ ಸಮಯದಲ್ಲಿ ಸ್ವಲ್ಪ ತಡಮಾಡಿ ಹೇಳಿಸುವುದೂ ಒಳ್ಳೆಯದು, ಹಳೆಯ ಹೆಜ್ಜೆಗುರುತಿನಿಂದ ಕಥೆ ಸಿಗುತ್ತದೆ, ಬೆನ್ನಟ್ಟಲು ಆಗುವುದಿಲ್ಲ.

ವ್ಯಾಪಾರದ ಸುದ್ದಿಗೂ ಒಂದು ಬೇಲಿ ಬೇಕು. ಸುಂಕದವನನ್ನು ನಿಮಿಷಕ್ಕೊಮ್ಮೆ ಕೇಳಿ ಲೆಕ್ಕ ಎತ್ತುವ ಸ್ಕ್ರಿಪ್ಟ್ ಯಾರಾದರೂ ಬರೆದೇ ಬರೆಯುತ್ತಾರೆ. ಅವನು ಸರದಿಗೊಮ್ಮೆ, ಅಂದರೆ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಮಾತ್ರ ಲೆಕ್ಕ ಹೇಳುವಂತೆ ಮಾಡಿದರೆ ಸ್ಕ್ರಿಪ್ಟಿಗೂ ಮನುಷ್ಯನಿಗೂ ಸಿಗುವುದು ಒಂದೇ. ಉತ್ತರವನ್ನು ಕೇಳಿದವನಿಗೆ ಮಾತ್ರ ತೋರಿಸಬೇಕೋ ಕೋಣೆಗೆಲ್ಲವೋ ಎಂಬುದನ್ನೂ ನಿರ್ಧರಿಸಿ. ದಾರಿಯಂಥ ಸಣ್ಣ ಉತ್ತರ ಕೇಳಿದವನಿಗೆ ಸಾಕು, ಇಲ್ಲವಾದರೆ ಕೋಟೆ ಬಾಗಿಲಲ್ಲಿ ನಿಂತವರ ಪರದೆಯೆಲ್ಲ ಅದೇ ತುಂಬುತ್ತದೆ. ಸುದ್ದಿ ಮಾತ್ರ ಎಲ್ಲರಿಗೂ ಕೇಳಿಸಲಿ. ಪಕ್ಕದಲ್ಲಿ ನಿಂತು ಕದ್ದು ಕೇಳುವ ಸುಖ ಟೆಲಿಗ್ರಾಂನಲ್ಲಿ ಸಿಗದು.

ಬರೆದದ್ದನ್ನು ತೆಗೆದುಹಾಕಲೇ ಎಂದು ಕೇಳಿದ್ದೀರಿ. ಬೇಡವೇ ಬೇಡ. ಮಾಹಿತಿ ಮೊದಲ ಸಾಲಿನಲ್ಲಿ ಬರಲಿ, ನೀವು ಬರೆದ ಮಾತು ಅದರ ಹಿಂದೆ, 'ಇನ್ನೇನು ಸಮಾಚಾರ' ಎಂದು ಕೂತು ಕೇಳಿದವರಿಗೆ ಸಿಗಲಿ. ಎಲ್ಲ 60 ಪಾತ್ರಗಳಿಗೂ ಒಮ್ಮೆಗೇ ಕೈ ಹಾಕಬೇಡಿ. ಈ ತಿಂಗಳು ಸುಂಕದವನೊಬ್ಬನನ್ನು ಸರಿಮಾಡಿ, ಅವನ ಲೆಕ್ಕ ತಪ್ಪಿಲ್ಲದೆ ಬರುತ್ತಿದೆಯೇ ನೋಡಿ. ಆಮೇಲೆ ಶಾನುಭೋಗನ ಕಡತ ತೆರೆಯಿರಿ, ಆ ಎರಡು ಲೆಕ್ಕಗಳ ನಡುವೆ ವ್ಯತ್ಯಾಸ ಬಿಡಿ, ಯಾರಿಗೂ ಏನೂ ಹೇಳಬೇಡಿ. ಗುಂಪಿನಲ್ಲಿ ಮೊದಲು ಯಾರು ಅದನ್ನು ಪ್ರಶ್ನಿಸುತ್ತಾರೆ ಎಂದು ನನಗೆ ಬರೆದು ತಿಳಿಸಿ. ಆ ಗೂಗಲ್ ಶೀಟ್ ಮಾಡಿದವರೇ ಇರಬೇಕು ಎಂದು ನನ್ನ ಅಂದಾಜು. ಹಾಗಾದರೆ ಅವರನ್ನು ನಿಮ್ಮ ತಂಡಕ್ಕೆ ಸೇರಿಸಿಕೊಳ್ಳಿ.